ತಾತ ಅರ್ಧ ಬರೆದ ಬಾಟಲಿ

“ಟಣ್!”

ದೊಡ್ಡ ಸದ್ದೇನಲ್ಲ. ಆದರೆ ಆ ಮನೆಯಲ್ಲಿ ಅದು ಯಾವುದರ ಸದ್ದು ಎಂದು ಯಾರೂ ಕೇಳಬೇಕಾಗಿರಲಿಲ್ಲ.

“ಗಿಳೀ!” ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. “ತಣ್ಣಗಿದ್ದ ಬಾಟಲೀನ ಸೀದಾ ಬಿಸಿನೀರಿಗೆ ಹಾಕಿದ್ಯಾ?”

ಗಿಳಿ ಬಕೆಟ್ಟಿನೊಳಗೆ ಇಣುಕಿದಳು. ಬಾಟಲಿ ಕುತ್ತಿಗೆಯಿಂದ ಬುಡದವರೆಗೆ ಸೀಳಿತ್ತು. ಲೇಬಲ್ ಮಾತ್ರ ತನಗೇನೂ ಆಗಿಲ್ಲವೆಂಬಂತೆ ನೀಟಾಗಿ ಬಿಟ್ಟುಕೊಂಡು ಮೇಲೆ ತೇಲುತ್ತಿತ್ತು.

ಅಮ್ಮ ಬಂದು ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಅದೊಂದೇ ಬಾಕಿ ಇತ್ತಲ್ಲೇ. ನಾಳೆ ಬೆಳಿಗ್ಗೆ ಕೆಫೆ ಆಂಟಿ ಬರ್ತಾರೆ. ಟೇಬಲ್ಲಿಗೊಂದು ಹೂದಾನಿ, ಎಲ್ಲಾ ಒಂದೇ ಶೇಪ್ ಇರಬೇಕು ಅಂದಿದ್ದಾರೆ.” ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಜ್ಯೂಸ್ ಅಂಗಡೀಲಿ ಇಂಥದ್ದೇ ಖಾಲಿ ಬಾಟಲಿ ಇದ್ಯಾ ಕೇಳಿ ಬರ್ತೀನಿ. ತಾತ ಮಲಗಿದ್ದಾರೆ, ಗಲಾಟೆ ಮಾಡಬೇಡ.”

ಗಲಾಟೆ ಮಾಡಬೇಡ ಎಂದು ಗಿಳಿಗೆ ಹೇಳುವುದು ಪ್ರೆಶರ್ ಕುಕ್ಕರ್‌ಗೆ ಸೀಟಿ ಹೊಡೆಯಬೇಡ ಎಂದಂತೆ. ಆ ಕುಕ್ಕರಿನ ಸೀಟಿಯನ್ನೂ ಅವಳು ಮಾಡುತ್ತಿದ್ದಳು. ಹೆಡ್‌ಮಿಸ್ ಕೆಮ್ಮುವುದನ್ನೂ ಮಾಡುತ್ತಿದ್ದಳು. ಪಕ್ಕದ ಮನೆ ಮಾವನ ಬೈಕು ಸ್ಟಾರ್ಟ್ ಆಗದೆ ಒದ್ದಾಡುವ ಸದ್ದು ಮಾಡಿದರಂತೂ ಆ ಮಾವನೇ ಕಿಟಕಿಯಿಂದ ಇಣುಕಿ, “ಯಾರೋ ಅದು, ನನ್ನ ಗಾಡಿ ಮುಟ್ಟಿದ್ದು?” ಎಂದು ಗದರುತ್ತಿದ್ದರು. ಅದಕ್ಕೇ ಅವಳಿಗೆ ಗಿಳಿ ಎಂಬ ಹೆಸರು.

ಹೆಸರಿಟ್ಟವರು ತಾತ. ಮೊದಲು ತಾತ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದರು. ಬೋರ್ಡುಗಳನ್ನು ಮಶೀನೇ ಬರೆಯತೊಡಗಿದ ಮೇಲೆ ಖಾಲಿ ಬಾಟಲಿಗಳಿಗೆ ಬಣ್ಣ ಹಚ್ಚಲು ಕೂತರು. ಹೂದಾನಿ, ದೀಪ, ಪೆನ್ ಸ್ಟ್ಯಾಂಡ್. ಅಮ್ಮ ಅವರಿಂದ ಕಲಿತಳು, ಗಿಳಿ ಇಬ್ಬರನ್ನೂ ನೋಡಿ ಕಲಿತಳು.

ಆಮೇಲೆ ಒಂದು ದಿನ ತಾತ ಬಾಟಲಿಗೆ ಬಳ್ಳಿ ಬರೆಯುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟರು. ಆಸ್ಪತ್ರೆಯಿಂದ ಬಂದಾಗ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾತು ಕೂಡ ಬಾಯೊಳಗೆ ಸ್ವಲ್ಪ ಹೊತ್ತು ಉರುಳಾಡಿ ಆಮೇಲೆ ಹೊರಗೆ ಬರುತ್ತಿತ್ತು. ಎಲ್ಲರ ಮಾತನ್ನೂ ಅಣಕಿಸುವ ಗಿಳಿ ಆ ಮಾತನ್ನು ಮಾತ್ರ ಒಮ್ಮೆಯೂ ಅಣಕಿಸಿರಲಿಲ್ಲ.

ಅವತ್ತು ಬರೆಯುತ್ತಿದ್ದ ಬಾಟಲಿ ಕಪಾಟಿನ ಮೇಲೆಯೇ ಇತ್ತು. ಬುಡದಿಂದ ನಡುವಿನವರೆಗೆ ನೀಲಿ ಬಳ್ಳಿ, ಮೇಲೆ ಬರೀ ಬಿಳಿ ಬಣ್ಣ. ತಾತ ದಿನಾ ಬೆಳಿಗ್ಗೆ ಬಲಗೈಯಲ್ಲಿ ರಬ್ಬರ್ ಚೆಂಡು ಒತ್ತುತ್ತಾ ಅದರ ಕಡೆ ನೋಡಿ, “ಇರಪ್ಪಾ, ಬರ್ತೀನಿ” ಎನ್ನುತ್ತಿದ್ದರು. ಗಿಳಿ ಅದನ್ನು ತಮಾಷೆ ಎಂದುಕೊಂಡಿದ್ದಳು.

ಈಗ ಅವಳ ಕಣ್ಣು ಆ ಬಾಟಲಿಯ ಮೇಲೆ ಬಿತ್ತು. ಅದೇ ಶೇಪ್! ಅರ್ಧ ಕೆಲಸ ಆಗಿಯೇ ಇದೆ. ಬಿಳಿ ಬಣ್ಣ ಎಂದೋ ಒಣಗಿ ಗಟ್ಟಿಯಾಗಿದೆ.

ಅವಳು ಸ್ಟೂಲ್ ಎಳೆದಳು.

ತಾತನ ಬಳ್ಳಿ ಹೇಗೆ ತಿರುಗುತ್ತದೆ, ಎಲೆಯ ತುದಿಯಲ್ಲಿ ಬ್ರಶ್ ಹೇಗೆ ಚಟಕ್ಕನೆ ಮೇಲೇಳುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಕೈಪಾಠ ಎನ್ನಬೇಕೇನೋ. ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಬರೆದಳು. ಬಳ್ಳಿ ಸರಸರನೆ ಕುತ್ತಿಗೆಯವರೆಗೂ ಹತ್ತಿಬಿಟ್ಟಿತು. ಒಣಗಲೆಂದು ಬಾಟಲಿಯನ್ನು ಮತ್ತೆ ಕಪಾಟಿನ ಮೇಲಿಟ್ಟು ಬ್ರಶ್ ತೊಳೆಯಲು ಹೋದಳು.

ಬಾಗಿಲು ಸದ್ದಾಯಿತು.

“ಸಿಗಲಿಲ್ಲ ಕಣೇ, ಅಂಗಡಿ ಮುಚ್ಚಿ…” ಅಮ್ಮನ ಮಾತು ಅಲ್ಲೇ ನಿಂತಿತು. ಬ್ಯಾಗು ಕೈಯಿಂದ ಜಾರಿತು. ಬಾಟಲಿಯನ್ನು ಬುಡದಲ್ಲಿ ಹಿಡಿದು ಎತ್ತಿಕೊಂಡು ಸೀದಾ ಕೋಣೆಗೆ ಓಡಿದಳು.

“ಅಪ್ಪಾ! ಏಳಿ ಅಪ್ಪಾ! ಯಾವಾಗ ಬರೆದ್ರಿ ಇದನ್ನ? ಕೈ ಬಂತು ಅಂತ ನನಗೆ ಹೇಳಲೇ ಇಲ್ವಲ್ಲ!” ಅಮ್ಮ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಗಿಳಿ ಬಾಗಿಲಲ್ಲಿ ನಿಂತಳು. ‘ನಾನು’ ಎನ್ನಬೇಕೆಂದುಕೊಂಡಳು. ಅಮ್ಮನ ಮುಖ ನೋಡಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ತಾತ ಎದ್ದು ಕೂತು ಬಾಟಲಿ ನೋಡಿದರು. ತೊಡೆಯ ಮೇಲಿದ್ದ ತಮ್ಮ ಬಲಗೈಯನ್ನು ನೋಡಿದರು. ಆಮೇಲೆ ಗಿಳಿಯ ಉಗುರಿಗೆ ಮೆತ್ತಿದ್ದ ನೀಲಿ ಬಣ್ಣವನ್ನು.

“ನಾನಲ್ಲಮ್ಮ. ಇವಳು.”

ಅಮ್ಮನ ನಗು ಮುಖದ ಮೇಲೇ ಒಣಗಿತು.

“ಒಂದು ಕಡಿಮೆ ಆಯ್ತಲ್ಲ, ಅದಕ್ಕೆ…” ಗಿಳಿ ಮೆಲ್ಲಗೆ ಕೇಳಿದಳು. “ತಾತ, ಸೇಮ್ ಟು ಸೇಮ್ ಬಂದಿದ್ಯಾ?”

“ಸೇಮ್ ಟು ಸೇಮ್. ನಂದ್ಯಾವುದು, ನಿಂದ್ಯಾವುದು ಅಂತ ನಂಗೇ ಗೊತ್ತಾಗಲ್ಲ.” ತಾತ ತಲೆಯಾಡಿಸಿದರು. “ಪ್ಯಾಕ್ ಮಾಡಮ್ಮ. ನನ್ನ ಬ್ರಶ್ಶುಗಳನ್ನೂ ಇವಳಿಗೇ ಕೊಡು.”

ಹೊಗಳಿಕೆಯೇ. ಆದರೆ ತಾತ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಸಂಜೆ ಅಮ್ಮ ರಬ್ಬರ್ ಚೆಂಡು ತಂದುಕೊಟ್ಟಾಗ ತಾತ ಕೈ ಚಾಚಲಿಲ್ಲ. “ಬೇಡಮ್ಮ. ಇನ್ಯಾವ ಕೆಲಸಕ್ಕೆ?”

ಹೊರಗೆ ಬಾಟಲಿಗಳಿಗೆ ಪೇಪರ್ ಸುತ್ತುತ್ತಿದ್ದ ಗಿಳಿಯ ಕೈ ನಿಂತಿತು. ತಾತ ದಿನಾ ಬೆಳಿಗ್ಗೆ ಆ ಬಾಟಲಿಗೆ ಹೇಳುತ್ತಿದ್ದ ಮಾತು ತಮಾಷೆಯಾಗಿರಲಿಲ್ಲ. ತಾತ ಬರುವುದರಲ್ಲಿದ್ದರು. ಅಷ್ಟರಲ್ಲಿ ಅವಳು ಹೋಗಿ ಅವರ ಜಾಗದಲ್ಲಿ ಕೂತುಬಿಟ್ಟಿದ್ದಳು.

“ಅಮ್ಮ, ಅದನ್ನ ಕೊಡಬೇಡ.”

“ಒಂದು ಟೇಬಲ್ ಖಾಲಿ ಉಳಿಯುತ್ತಲ್ಲೇ?”

“ಒಡೆದಿದ್ದು ನಾನು ತಾನೆ? ಕೆಫೆ ಆಂಟಿಗೆ ನಾನೇ ಹೇಳ್ತೀನಿ.”

ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಕ್ಕೆ ಕೈ ಹಾಕಿ ಬಾಟಲಿ ತೆಗೆದುಕೊಟ್ಟಳು. “ವಾರ್ನಿಷ್ ಇನ್ನೂ ಹಚ್ಚಿಲ್ಲ, ಒರೆಸಿದ್ರೆ ಹೋಗುತ್ತೆ,” ಎಂದಳು, ಅಷ್ಟೇ.

ಗಿಳಿ ಒಂದು ಬಟ್ಟಲು ನೀರು, ಒಂದು ಉಂಡೆ ಹತ್ತಿ ತೆಗೆದುಕೊಂಡು ತಾತನ ಮಂಚದ ಪಕ್ಕ ಕೂತಳು. ಹೊಸ ಬಣ್ಣ ಒದ್ದೆ ಹತ್ತಿಗೆ ಬಿಡುತ್ತದೆ. ಹಳೆಯದೂ ಜೋರಾಗಿ ಉಜ್ಜಿದರೆ ಹೋದೀತು. ಎಲ್ಲಿಯವರೆಗೆ ಒರೆಸಬೇಕು? ಬಾಟಲಿಯನ್ನು ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು. ಯಾವ ಎಲೆಯಿಂದ ತನ್ನದು ಶುರು ಎಂದು ಅವಳಿಗೇ ತಿಳಿಯಲಿಲ್ಲ.

“ತಾತ, ನೀನು ಸುಳ್ಳು ಹೇಳಿದೆ. ನಿನಗೆ ಗೊತ್ತು. ನನಗೇ ಗೊತ್ತಾಗ್ತಿಲ್ಲ.”

ತಾತ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು.

“ತೋರಿಸು ತಾತ. ಇಲ್ಲಾಂದ್ರೆ ನಿಂದೂ ಅಳಿಸಿಹೋಗುತ್ತೆ.”

ತಾತ ನಿಧಾನವಾಗಿ ಈ ಕಡೆ ಹೊರಳಿದರು. “ಹುಚ್ಚು ಹುಡುಗಿ. ಅಷ್ಟು ಚೆನ್ನಾಗಿ ಬಂದಿದ್ದನ್ನ ಯಾರಾದ್ರೂ ಅಳಿಸ್ತಾರಾ?”

“ನಂದು ಬೇರೆ ಬಾಟಲೀಲಿ ಬರೀತೀನಿ. ಇದು ನಿಂದು.”

ಗಿಳಿ ಬಾಟಲಿಯನ್ನು ಅವರ ಹತ್ತಿರ ಹಿಡಿದಳು. ಕೊನೆಗೆ ತಾತನ ಎಡಗೈ ಬೆರಳು ಬಂದು ಒಂದು ಎಲೆಯ ಮೇಲೆ ನಿಂತಿತು. “ಇದು ನಂದು.” ಬೆರಳು ಕೂದಲೆಳೆಯಷ್ಟು ಮೇಲೆ ಸರಿಯಿತು. “ಇಲ್ಲಿಂದ ನಿಂದು. ನೀನು ಉಸಿರು ಹಿಡಿದು ಬರೀತೀಯ, ಗೆರೆ ಬಿಗೀತದೆ. ಬಿಡಬೇಕು ಉಸಿರನ್ನ.”

ಗಿಳಿ ಉಸಿರು ಬಿಟ್ಟಳು. ಒರೆಸಿದಳು. ನೀಲಿ ನೀರು ಬಟ್ಟಲಿಗೆ ಇಳಿಯಿತು. ಬಿಳಿ ಮತ್ತೆ ಕಾಣಿಸಿತು.

ತಾತ ಆ ಬಿಳಿಯನ್ನು ನೋಡುತ್ತಾ ಎದ್ದು ಕೂತರು. “ಬ್ರಶ್ ಕೊಡು,” ಎಂದರು.

ಬಲಗೈಯ ಬೆರಳುಗಳ ನಡುವೆ ಬ್ರಶ್ ಸಿಕ್ಕಿಸಿ, ಎಡಗೈಯಿಂದ ಮಣಿಕಟ್ಟು ಹಿಡಿದು ಬಾಟಲಿಗೆ ತಾಗಿಸಿದರು. ಬಣ್ಣದಲ್ಲಿ ಬಿದ್ದ ಇರುವೆ ಎದ್ದು ಮನೆಗೆ ಹೊರಟಂತೆ ಗೆರೆ ಅತ್ತಿತ್ತ ತೂರಾಡುತ್ತಾ ಹೋಯಿತು. ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ತಾತನ ಹಣೆಯಲ್ಲಿ ಬೆವರು.

ಗಿಳಿಯ ಬೆರಳುಗಳು ತುರಿಸಿದವು. ಒಂದೇ ಒಂದು ಸಲ ಮುಟ್ಟಿದರೆ ಸಾಕು, ಆ ಸೊಟ್ಟ ನೆಟ್ಟಗಾಗುತ್ತದೆ.

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಳು. ತಾತ “ಬಾಟಲಿ ತಿರುಗಿಸು” ಎನ್ನುವವರೆಗೂ ಕಾದಳು.