ಬೇರೆ ಕೈ ತಾಗಬಾರದ ಕಾರು

"ಮಾರೋದಾದ್ರೆ ಹೀಗೇ ಮಾರಿಬಿಡಿ. ಒಂದು ನಟ್ಟನ್ನೂ ಬಿಗಿ ಮಾಡೋಕೆ ಹೋಗ್ಬೇಡಿ," ಎಂದಳು ಟಿಂಕರನ ಹೆಂಡತಿ.

ಕಾರಿನ ವ್ಯಾಪಾರಿ ನಕ್ಕ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಮಾತಿನಮಲ್ಲ ಎಂದೇ. ಯಾರೋ ಆಸೆಪಟ್ಟು ಬಿಚ್ಚಿ, ಮತ್ತೆ ಜೋಡಿಸಲಾಗದೆ ಕೈಚೆಲ್ಲಿ ಕೂತ ಹಳೇ ಕಾರುಗಳನ್ನು ಕೊಂಡು ಇನ್ನೊಬ್ಬ ಆಸೆಬುರುಕನಿಗೆ ದಾಟಿಸುವುದು ಅವನ ಕಸುಬು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರಲ್ಲ, ಇವನದಕ್ಕೆ ದಣಿವೂ ಇರಲಿಲ್ಲ. ತುಕ್ಕು ತಿಂದ ತಗಡನ್ನು ತೋರಿಸಿ ಗಿರಾಕಿಯ ಕಣ್ಣಲ್ಲಿ ನೀರು ತರಿಸಬಲ್ಲವನು.

ಶೆಡ್ಡಿನ ತುಂಬ ಥಿನ್ನರ್ ಮತ್ತು ಇಲಿಯ ಉಚ್ಚೆಯ ವಾಸನೆ. ನಡುವೆ ಕಪ್ಪು ಕಾರು. ದುಂಡು ಬಾನೆಟ್ಟು, ಸೀಟುಗಳಿಲ್ಲ, ಒಂದು ಬಾಗಿಲು ಗೋಡೆಗೆ ಒರಗಿತ್ತು. ಆದರೆ ಮುಂದಿನ ದೀಪಗಳೆರಡೂ ಹೊಸದರಂತೆ ಹೊಳೆಯುತ್ತಿದ್ದವು. ಮೂಲೆಯ ಸ್ಟೂಲಿನ ಮೇಲೆ ಟಿಂಕರ್ ಕೂತಿದ್ದ. ಅವನ ಕಣ್ಣು ತೆರೆದೇ ಇತ್ತು, ಒಳಗೆ ಬರೀ ಬಿಳುಪು.

"ಇದನ್ನ ಶುರು ಮಾಡಿದ್ದು ಬೇರೆ ಮಿಸ್ತ್ರಿ," ಹೆಂಗಸು ದನಿ ತಗ್ಗಿಸಿದಳು. "ಮೂರು ವರ್ಷ ಮೈಮುರಿದು ಮಾಡ್ದ. ಅರ್ಧದಲ್ಲಿ ಮಾಲೀಕ ಅವನ ಕತ್ತು ಹಿಡಿದು ಆಚೆ ದಬ್ಬಿ, ಕೆಲಸ ನಮ್ಮೋರಿಗೆ ಕೊಟ್ಟ. ಒಬ್ಬರು ಹಿಡಿದ ಕೆಲಸಕ್ಕೆ ಇನ್ನೊಬ್ರು ಕೈ ಹಾಕೋ ಮುಂಚೆ ಹೋಗಿ ಒಂದು ಮಾತು ಕೇಳ್ಬೇಕು. ಕಸುಬಲ್ಲಿ ಅದೇ ಮರ್ಯಾದೆ. ಇವ್ರು ಕೇಳ್ಲಿಲ್ಲ. ಅವನು ಹೋಗೋ ಮುಂಚೆ ಏನೋ ಮಾಡಿಟ್ಟು ಹೋಗಿದ್ದ. ಇವ್ರು ದೀಪ ಸರಿ ಮಾಡಿದ್ರು. ಅದು ಹತ್ತಿದ ಗಳಿಗೆಗೇ ಇವ್ರ ಕಣ್ಣು ಹೋಯ್ತು. ಮಾಲೀಕ ಹೆದರಿ ಕಾರನ್ನ ಕೂಲಿ ಲೆಕ್ಕಕ್ಕೆ ನಮಗೇ ಬಿಟ್ಟು ಹೋದ."

"ಮೂವತ್ತು ವರ್ಷ ಕನ್ನಡಕ ಇಲ್ದೆ ವೆಲ್ಡಿಂಗ್ ಮಾಡಿದ್ರೆ ಕಣ್ಣು ಹೋಗದೆ ಹಲ್ಲು ಹೋಗುತ್ತಾ ಅಮ್ಮ? ಆಯ್ತು ಬಿಡಿ, ಈಗ ನಾನೇ ಹೋಗಿ ಆ ಪುಣ್ಯಾತ್ಮನ್ನ ಕೇಳಿ ಬರ್ತೀನಿ."

"ಅವನು ಸತ್ತು ವರ್ಷ ಆಯ್ತು."

ಆಗ ಮೂಲೆಯಿಂದ ಟಿಂಕರ್ ಬಾಯಿ ಬಿಟ್ಟ. "ಅದರಲ್ಲಿ ನೀನು ಏನನ್ನ ಎಬ್ಬಿಸ್ತೀಯೋ, ಅದು ನಿನ್ನ ಮೈಯಿಂದಲೇ ಎದ್ದು ಹೋಗುತ್ತೆ."

ಮಾತಿನಮಲ್ಲ ಕಾರನ್ನು ಕೊಂಡು ಲಾರಿಗೇರಿಸಿ ತರುವ ದಾರಿಯುದ್ದಕ್ಕೂ ಫೋನಿನಲ್ಲಿ ಈ ಕತೆಯನ್ನು ಭಾವನಿಗೆ ಹೇಳಿ ನಗಿಸಿದ. ಕುರುಡನ ದನಿಯನ್ನು ಹಾಗೇ ಅನುಕರಿಸಿದ. ಭಾವ ಎಂದರೆ ಅಕ್ಕನ ಗಂಡ, ಇಂಜಿನ್ ಮಿಸ್ತ್ರಿ. ಅಪ್ಪ ಇಲ್ಲದ ಇವನನ್ನು ಮನೆಗೆ ಕರೆತಂದು, ತನ್ನ ತಟ್ಟೆಯಿಂದಲೇ ಉಣಿಸಿ ಬೆಳೆಸಿದವನು. ಲೋಕದಲ್ಲಿ ಇವನು ಟೋಪಿ ಹಾಕದಿದ್ದ ಒಬ್ಬನೇ ಒಬ್ಬ ಮನುಷ್ಯ.

"ನಾಳೆ ಸಂಜೆ ನಾಲ್ಕಕ್ಕೆ ಗಿರಾಕಿ ಬರ್ತಾರೆ ಭಾವ. ರಿಟೈರಾದ ಸೈನ್ಸ್ ಮೇಡಂ. ಅವರಪ್ಪನ ಹತ್ರ ಇಂಥದ್ದೇ ಕಾರಿತ್ತಂತೆ. ಉಳಿದ ಕೆಲಸ ತಮ್ಮ ಕೈಯಾರೆ ಮುಗಿಸ್ಬೇಕಂತೆ. ನೀನು ಮೂರಕ್ಕೆ ಬಂದು ಇಂಜಿನ್ ಒಂದು ಸಲ ಗುರ್ ಅನ್ನಿಸಿಕೊಡು ಸಾಕು."

ಮರುದಿನ ಮಧ್ಯಾಹ್ನ ತನ್ನ ಶೆಡ್ಡಿನ ಶಟರನ್ನು ಅರ್ಧಕ್ಕೆ ಇಳಿಸಿ ಅವನು ಒಬ್ಬನೇ ನಿಂತ. ಹೆಂಗಸಿನ ಮಾತು ನೆನಪಾಗಲಿಲ್ಲ ಅಂತಲ್ಲ, ನೆನಪಾಗಿ ನಗು ಬಂತು. ಅರ್ಧಂಬರ್ಧ ಕಾರು ಮಾರುವಾಗ ಅವನದೊಂದು ಪಟ್ಟು ಇತ್ತು. ಯಾವುದಾದರೂ ಒಂದು ಭಾಗಕ್ಕೆ ಜೀವ ಬರಿಸಬೇಕು. ಹಾರ್ನ್ ಕೂಗಿದರೂ ಸಾಕು, ಉಳಿದದ್ದನ್ನೆಲ್ಲ ಗಿರಾಕಿಯ ಆಸೆಯೇ ಜೋಡಿಸಿಕೊಳ್ಳುತ್ತದೆ.

ಬಾನೆಟ್ಟಿನ ಅಡಿಯಲ್ಲಿ ಹಾರ್ನಿನ ಬಾಯಿಗೆ ಯಾರೋ ಏನನ್ನೋ ತುರುಕಿದ್ದರು. ಇಕ್ಕಳ ಹಾಕಿ ಎಳೆದ. ಗ್ರೀಸಿನ ಬಟ್ಟೆಯ ಉಂಡೆ. ಬಿಚ್ಚಿದರೆ ಕೂದಲು, ಕತ್ತರಿಸಿದ ಉಗುರು, ಒಣಗಿ ಮುರುಟಿದ ನಾಲಿಗೆಯಂಥ ಒಂದು ಚರ್ಮದ ಚೂರು. ಸುಟ್ಟ ಕೂದಲಿನ ಕಮಟು ಗಪ್ಪನೆ ಮೂಗಿಗೆ ಬಡಿಯಿತು. "ಇಲಿ ಗೂಡು, ಥೂ," ಎಂದು ಬೀದಿಗೆ ಎಸೆದ. ಅದೇ ಅವನು ಆಡಿದ ಕೊನೆಯ ಮಾತು.

ವೈರು ಉಜ್ಜಿ, ಬ್ಯಾಟರಿಗೆ ಕೊಟ್ಟು, ಗುಂಡಿ ಒತ್ತಿದ.

ಹಾರ್ನ್ ಮೊದಲು ಕೆಮ್ಮಿತು. ಆಮೇಲೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಕೂಗಿತು.

ಶಹಬ್ಬಾಸ್ ಅನ್ನಲು ಅವನು ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದ. ಕೆಮ್ಮಿದ, ಸದ್ದಿಲ್ಲ. ಅಕ್ಕನ ಹೆಸರು ಹಿಡಿದು ಕಿರುಚಿದ, ಸದ್ದಿಲ್ಲ. ಕಾರಿನತ್ತ ತಿರುಗಿದ. ದೀಪಕ್ಕೆ ಕಣ್ಣು. ಹಾರ್ನಿಗೆ ದನಿ. ಹಾಗಾದರೆ ಇಂಜಿನ್ನಿಗೆ?

ಶಟರಿನಡಿ ಬಗ್ಗಿ ಭಾವ ಒಳಗೆ ಬಂದ. "ಏನೋ, ಊರಿಗೆಲ್ಲ ಕೇಳೋ ಹಾಗೆ ಹಾರ್ನ್ ಹೊಡೀತಿದ್ದೀಯ?"

ಇವನು ಎರಡೂ ಕೈ ಆಡಿಸಿದ. ಗಂಟಲು ತೋರಿಸಿದ, ಕಾರು ತೋರಿಸಿದ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ. ಭಾವ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿ, ಹೊಟ್ಟೆ ಹಿಡಿದು ನಕ್ಕ. "ನಿನ್ನೆ ಕುರುಡ, ಇವತ್ತು ಮೂಗ! ನಿನಗೆ ಕಾರಿಗಿಂತ ನಾಟಕದ ಕಂಪನಿನೇ ಸರಿ."

ಬಾನೆಟ್ಟಿನ ಧೂಳಿನ ಮೇಲೆ ಅವನು ಬೆರಳಿನಿಂದ ಬರೆದ: ಮುಟ್ಟಬೇಡ, ಸಾಯ್ತೀಯ. ಭಾವ ಅದನ್ನು ಓದಿ, ಅದೇ ಧೂಳಿಗೆ ಕೈಯೊರಸಿ, ಪೆಟ್ರೋಲ್ ಪೈಪಿಗೆ ಬಾಯಿ ಹಚ್ಚಿ ಊದಿದ. ಇವನು ಕೈ ಹಿಡಿದೆಳೆದರೆ, "ಸಾಕು ಬಿಡೋ, ತಮಾಷೆಗೂ ಒಂದು ಹೊತ್ತು ಬೇಡ್ವಾ!" ಎಂದು ಒದರಿ ದೂರ ತಳ್ಳಿದ. ಇವನು ಟೈರುಗಳ ಮೇಲೆ ಮಗುಚಿ ಬಿದ್ದ.

ಪ್ಲಗ್ಗು ಕೂತಿತು. ಪೈಪು ಕೂತಿತು. ಇಂಜಿನ್ ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಭಾವ ಕಾರಿನ ಮುಂದುಗಡೆ ತೂರಿಸಿದ. ಒಂದು ಸಲ ತಿರುಗಿಸಿದ. ಇಂಜಿನ್ ನಿಟ್ಟುಸಿರು ಬಿಟ್ಟಿತು. ಭಾವ ಎದೆ ನೀವಿಕೊಂಡ. "ಯಾಕೋ ಇಲ್ಲಿ ಚುಳ್ ಅಂತಿದೆ." ಎರಡನೆಯ ಸಲ ತಿರುಗಿಸಿದ. ತುಟಿ ನೀಲಿಯಾಯಿತು. ಆದರೂ ಹಿಡಿಕೆ ಬಿಡಲಿಲ್ಲ. ಹಟಮಾರಿ. ಮೂರನೆಯದಕ್ಕೆ ತೋಳು ಬಿಗಿದ.

ಮಾತಿನಮಲ್ಲ ತೆವಳಿದ. ಎದ್ದ. ಬಾಗಿಲಿಲ್ಲದ ಬದಿಯಿಂದ ಒಳಗೆ ಬಿದ್ದ. ದನಿ ಎಲ್ಲಿದೆಯೋ ಅಲ್ಲಿಂದಲೇ ತರಬೇಕು. ಗುಂಡಿಯನ್ನು ಅಂಗೈಯಿಂದ ಗುದ್ದಿದ.

"ಭಾವಾ, ಬೇಡ! ಕೈ ತೆಗಿ!"

ಹಾರ್ನ್ ಕೂಗಿದ್ದು ಹಾಗೆ. ಅವನದೇ ದನಿಯಲ್ಲಿ.

ಹಿಡಿಕೆ ಠಣ್ ಎಂದು ನೆಲಕ್ಕೆ ಬಿತ್ತು. ಭಾವ ಗೋಡೆಗೊರಗಿ ಕುಸಿದು, ಎಷ್ಟೋ ಹೊತ್ತು ಉಸಿರೆಳೆದುಕೊಂಡ. ಆಮೇಲೆ ಬಂದು ಇವನ ಬಾಯಿ ತೆರೆಸಿ ನೋಡಿದ, ಗಂಟಲು ಸವರಿದ, ಬಿಕ್ಕಿಬಿಕ್ಕಿ ಅತ್ತ. "ನನ್ನಪ್ಪಾ, ನನಗೋಸ್ಕರ... ತಾಳು, ಡಾಕ್ಟರನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಆ ಮೇಡಂ ಬಂದ್ರೆ ವಾಪಸ್ ಕಳಿಸು. ಇದನ್ನ ಯಾರಿಗೂ ಮಾರ್ಬೇಡ." ಬ್ಯಾಟರಿಯನ್ನು ಕಿತ್ತು ಹೊತ್ತುಕೊಂಡೇ ಹೋದ.

ಮಾತಿನಮಲ್ಲನಿಗೆ ಅಷ್ಟೇ ಸಾಕಿತ್ತು. ದನಿ ಹೋದರೆ ಹೋಗಲಿ, ಭಾವ ಉಳಿದನಲ್ಲ. ಒಂದು ರಟ್ಟಿನ ಮೇಲೆ ದೊಡ್ಡದಾಗಿ 'ಮಾರಾಟಕ್ಕಿಲ್ಲ' ಎಂದು ಬರೆದು ಹೊರಗೆ ತೂಗುಹಾಕಿದ. ಒಳಬಂದು ಶಟರನ್ನು ಪೂರ್ತಿ ಎಳೆದು, ದೊಡ್ಡ ಸುತ್ತಿಗೆ ಕೈಗೆತ್ತಿಕೊಂಡ. ಇಂಜಿನ್ ಚೂರಾದರೆ ಯಾರ ಕೈಯೂ ಅದನ್ನು ಎಬ್ಬಿಸಲಾರದು.

ಹೊರಗೆ ಆಟೋ ಬಂದು ನಿಂತಿತು. ಚಪ್ಪಲಿಯ ಸದ್ದು. "ಇದೇನಿದು, ಮಾರಾಟಕ್ಕಿಲ್ಲ ಅಂತ ಬರೆದಿದೆ? ಯಾರಿದ್ದೀರಿ ಒಳಗೆ?" ವಯಸ್ಸಾದ ಹೆಂಗಸಿನ ದನಿ.

ಬಾನೆಟ್ಟಿನ ಅಡಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಬ್ಯಾಟರಿ ಇರಲಿಲ್ಲ. ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ.

"ಬನ್ನಿ ಮೇಡಂ, ಬನ್ನಿ! ಆ ಬೋರ್ಡು ಬೇರೆಯವ್ರಿಗೆ. ನಿಮ್ಮ ಕಾರನ್ನ ಇನ್ನೊಬ್ರಿಗೆ ಕೊಡೋಕೆ ಮನಸ್ಸು ಬರುತ್ತಾ?" ಅವನದೇ ದನಿ, ಜೇನಿನಂತೆ. "ಒಂದೇ ಒಂದು ಕೆಲಸ ಬಾಕಿ. ನಿಮ್ಮ ಕೈಯಾರೆ ಆಗ್ಲಿ ಅಂತ ಬಿಟ್ಟಿದ್ದೀನಿ."

ಸುತ್ತಿಗೆ ಕೈಜಾರಿತು. ಅವನು ಓಡಿದ. ಶಟರಿನಡಿ ಸುಕ್ಕುಗಟ್ಟಿದ ಹತ್ತು ಬೆರಳು ಆಗಲೇ ತೂರಿದ್ದವು. ಶಟರಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆ ಒತ್ತಿದ. ಬಾಯಿ ತೆರೆದ. ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದ. ತನಗೇ ಕೇಳಲಿಲ್ಲ.

"ಬರ್ತಿಲ್ಲವಲ್ಲಪ್ಪ, ತುಂಬಾ ಭಾರ ಇದೆ," ಎಂದಳು ಆಕೆ.

"ಹೆದರ್ಬೇಡಿ ಮೇಡಂ, ಬೀದಿಯಲ್ಲಿ ಯಾರನ್ನಾದ್ರೂ ಕರೀರಿ," ಎಂದಿತು ಹಿಂದಿನಿಂದ ಅವನ ದನಿ, "ನಾಲ್ಕು ಜನ ಕೈ ಹಾಕಿದ್ರೆ ಎದ್ದೇ ಏಳುತ್ತೆ."