ಉಪ್ಪನ ಬದಿ

"ಅದನ್ನು ಎಲ್ಲಿಗೆ ತಳ್ಳುತ್ತಾ ಇದ್ದಿ ಫಾರಿಸ್?" ಉಮ್ಮ ಕೇಳಿದರು.

ಫಾರಿಸ್‌ನ ಬೆರಳು ಅಲ್ಲೇ ನಿಂತಿತು. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ನಡುವೆ ದೊಡ್ಡ ತಟ್ಟೆ. ಅವರ ಮನೆಯಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವುದು. ಅವರವರ ಮುಂದಿನ ಅನ್ನ ಅವರವರಿಗೆ. ಅದಕ್ಕೇ ಫಾರಿಸ್ ಒಂದು ಉಪಾಯ ಹುಡುಕಿಕೊಂಡಿದ್ದ. ಹಾಗಲಕಾಯಿ ಪಲ್ಯದ ದಿನ ತನ್ನ ಪಾಲಿನ ಹೋಳುಗಳನ್ನು ಮೆಲ್ಲಗೆ ಎದುರಿಗೆ, ಉಪ್ಪನ ಬದಿಗೆ ತಳ್ಳುವುದು. ಉಪ್ಪ ನೋಡಿಯೂ ನೋಡದವರಂತೆ ತಿಂದು ಮುಗಿಸುತ್ತಿದ್ದರು. "ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ" ಎಂದು ಅಪ್ಪ ಮಗ ಇಬ್ಬರನ್ನೂ ಉಮ್ಮ ಬೈಯುತ್ತಿದ್ದರು.

ಇವತ್ತು ಎದುರಿನ ಜಾಗ ಖಾಲಿ. ಹೋಳುಗಳು ಅಲ್ಲಿ ಗುಡ್ಡೆಯಾಗಿ ಬಿದ್ದಿದ್ದವು.

ಸೌದಿಯ ಯಾನ್ಬುವಿನಲ್ಲಿ ಈ ವರ್ಷ ಎಲ್ಲೆಲ್ಲೂ ಪೊಲೀಸರ ಚೆಕಿಂಗ್. ಉಪ್ಪನ ವಾಸದ ಪರವಾನಗಿ ಇಕಾಮಾದಲ್ಲಿದ್ದದ್ದು ವೀಸಾ ಕೊಟ್ಟ ಒಬ್ಬ ಕಫೀಲನ ಹೆಸರು, ಕೆಲಸ ಮಾಡುತ್ತಿದ್ದದ್ದು ಇನ್ನೊಬ್ಬನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. "ಎಲ್ಲರೂ ಹೀಗೇ ಮಾಡುದು, ಎಂತ ಆಗುದಿಲ್ಲ" ಎನ್ನುತ್ತಿದ್ದರು. ಆಗಿಯೇ ಹೋಯಿತು. ಕಳೆದ ವಾರ ಅಂಗಡಿಯಿಂದಲೇ ಹಿಡಿದು, ಊರಿಗೆ ವಾಪಸು ಕಳಿಸುವವರನ್ನು ಕೂಡಿಹಾಕುವ ಜಾಗಕ್ಕೆ ಒಯ್ದರು. ಮನೆಗೆ ಬಿಡುತ್ತಾರೋ, ಅಲ್ಲಿಂದಲೇ ವಿಮಾನ ಹತ್ತಿಸುತ್ತಾರೋ ಗೊತ್ತಿರಲಿಲ್ಲ.

"ಉಪ್ಪ ಇಲ್ಲದಾಗ ಇದನ್ನು ಯಾಕೆ ಮಾಡಿದ್ದು?" ಫಾರಿಸ್ ಸಿಡುಕಿದ. "ಯಕ್, ಕಹಿ. ನನಗೆ ಬೇಡ."

"ಅವರು ತಂದಿಟ್ಟದ್ದು ಫ್ರಿಜ್ಜಲ್ಲಿ ಹಾಳಾಗ್ತಾ ಉಂಟು. ತಿನ್ನು."

"ತಿನ್ನುದಿಲ್ಲ."

"ತಿನ್ನದೆ ಏಳುವ ಹಾಗಿಲ್ಲ."

ತಂಗಿ ನಾಝಿಯಾ ಬಾಯಲ್ಲಿ ಅನ್ನ ಇಟ್ಟುಕೊಂಡೇ ಇಬ್ಬರನ್ನೂ ನೋಡಿದಳು.

ಆಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಉಪ್ಪ ಯಾರದ್ದೋ ಮೊಬೈಲಿನಿಂದ ಮಾತಾಡುತ್ತಿದ್ದರು. ಉಮ್ಮ ಬರೀ "ಹೂಂ, ಹೂಂ" ಎಂದರು. ಆಮೇಲೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಫೋನನ್ನು ಫಾರಿಸ್‌ನ ಕಿವಿಗೆ ಹಿಡಿದರು.

"ಊಟ ಆಯ್ತಾ ಮೋನೆ?"

"ಆಗ್ತಾ ಉಂಟು ಉಪ್ಪ."

"ಎಂತ ಪಲ್ಯ?"

"ಹಾಗಲಕಾಯಿ."

ಉಪ್ಪ ನಕ್ಕದ್ದು ಕೇಳಿಸಿತು. "ನನ್ನ ಬದಿಗೆ ತಳ್ಳಿದ್ಯಾ?"

ಫಾರಿಸ್ ಯಾವಾಗ ಬರುತ್ತೀರಿ ಎಂದು ಕೇಳಬೇಕೆಂದಿದ್ದ. ಅಷ್ಟರಲ್ಲಿ ಆಚೆ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರಿಸಿದರು. ಲೈನ್ ಕಟ್ ಆಯಿತು.

"ಮನೆಗೆ ಬಿಡುದಿಲ್ಲವಂತೆ" ಉಮ್ಮ ಹೇಳಿದರು. "ನಾಡಿದ್ದು ಅಲ್ಲಿಂದಲೇ ಊರಿಗೆ ಕಳಿಸ್ತಾರಂತೆ. ನಾವು ಮೂವರು ಆಮೇಲೆ ಹೋಗಬೇಕು."

ಉಮ್ಮ ಆ ಗುಡ್ಡೆಯನ್ನೇ ನೋಡುತ್ತಿದ್ದರು.

"ಅವರಿಗೂ ಹಾಗಲಕಾಯಿ ಆಗುದಿಲ್ಲ, ಗೊತ್ತುಂಟಾ? ಮದುವೆಯಾದ ಹೊಸತರಲ್ಲಿ ವಾಸನೆಗೇ ಎದ್ದು ಹೋಗ್ತಿದ್ದರು. ನನಗೆ ಇಷ್ಟ ಅಂತ ತರುದು."

"ಮತ್ತೆ ನಾನು ತಳ್ಳಿದ್ದನ್ನೆಲ್ಲ ತಿಂತಿದ್ದರಲ್ಲ?"

ಉಮ್ಮ ಲೋಟಕ್ಕೆ ನೀರು ಬಗ್ಗಿಸಿದರು.

ಫಾರಿಸ್ ಎದ್ದ. ಸುತ್ತಿ ಬಂದು ಉಪ್ಪ ಕೂರುವ ಜಾಗದಲ್ಲಿ ಕುಳಿತ. ಗುಡ್ಡೆ ಈಗ ಅವನ ಮುಂದಿತ್ತು. ಒಂದು ಹೋಳು ಬಾಯಿಗಿಟ್ಟ. ಕಹಿ ಗಂಟಲವರೆಗೂ ಇಳಿಯಿತು, ಅಳು ಬಂತು. ನೀರು ಕುಡಿದು ಇನ್ನೊಂದು ತೆಗೆದುಕೊಂಡ.

ನಾಝಿಯಾ ಅವನನ್ನೇ ನೋಡುತ್ತಿದ್ದಳು. ಆಮೇಲೆ ಉಮ್ಮನಿಗೆ ಕಾಣದ ಹಾಗೆ ತನ್ನ ಮುಂದಿದ್ದ ಹೋಳನ್ನು ಒಂದೇ ಬೆರಳಲ್ಲಿ ಅವನ ಬದಿಗೆ ತಳ್ಳಿದಳು.

ಫಾರಿಸ್ ನೋಡಿಯೂ ನೋಡದವನಂತೆ ಅದನ್ನೂ ತಿಂದ.