ಗೇಟಿನ ಕಡೆ ತಿರುಗಿದ ಟ್ರೇಲರ್

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಈಶಣ್ಣ ಅಳತೆಯ ಟೇಪು ಹಿಡಿದು, ಗಾಡಿ ನಿಲ್ಲಿಸುವ ಬಾಡಿಗೆ ಅಂಗಳಕ್ಕೆ ಬಂದು ನೋಡಿದರೆ ಟ್ರೇಲರ್ ಇತ್ತು. ಆದರೆ ಹಿಂದುಮುಂದಾಗಿತ್ತು.

ಕದ್ದುಕೊಂಡು ಹೋಗಿದ್ದರೆ ಅರ್ಥವಾಗುತ್ತಿತ್ತು. ಕಳ್ಳತನ ಲೋಕದಲ್ಲಿ ಇದ್ದದ್ದೇ. ಆದರೆ ಮೂವತ್ತು ಅಡಿ ಉದ್ದದ, ನಾಲ್ಕೂವರೆ ಟನ್ ತೂಕದ, ಅಡುಗೆಮನೆ ಮಂಚ ಎಲ್ಲ ಇರುವ ಗಾಡಿಯನ್ನು ಯಾರೋ ಬಂದು, ಮೂತಿಯ ಬೀಗ ತೆಗೆದು, ಎಳೆದು, ಪೂರ್ತಿ ತಿರುಗಿಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಬೀಗ ಹಾಕಿ ಹೋಗಿದ್ದಾರೆ ಅಂದರೆ? ಭಾನುವಾರ ಬೇಲಿಯ ಕಡೆಗಿದ್ದ ಮೂತಿ ಈಗ ಗೇಟಿನ ಕಡೆಗಿತ್ತು. ಒಂದು ಗೀರಿಲ್ಲ. ಒಂದು ಕಿಟಕಿ ಒಡೆದಿಲ್ಲ. ಚಕ್ರಗಳು ಉರುಳದಂತೆ ಮರದ ತುಂಡುಗಳನ್ನೂ ನೀಟಾಗಿ ಅಡ್ಡ ಕೊಟ್ಟಿದ್ದರು.

ಈಶಣ್ಣ ಪೊಲೀಸರಿಗೆ ಫೋನ್ ಮಾಡಲಿಲ್ಲ. ಏನೆಂದು ದೂರು ಕೊಡುವುದು? ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿರುವ, ಮನೆಯವರಿಗೆಲ್ಲ ಸ್ನೇಹಿತೆಯಾದ ಕ್ಷಮಾ ಅವರಿಗೆ ಮಾಡಿದರು. ಕ್ಷಮಾ ಇಪ್ಪತ್ತಾರು ವರ್ಷ ವಾಹನ ವಿಮೆಯ ಕಂಪನಿಯೊಂದರಲ್ಲಿ ಕ್ಲೇಮ್ ತನಿಖೆ ಮಾಡಿ ನಿವೃತ್ತರಾದವರು. ಬಂಪರಿನ ಗೀರು ನೋಡಿ ಗಂಡಹೆಂಡಿರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳಬಲ್ಲವರು.

"ಏನನ್ನೂ ಮುಟ್ಟಬೇಡಿ. ಅಭಿನವ್ ಇವತ್ತು ವರ್ಕ್ ಫ್ರಮ್ ಹೋಮ್ ಅಲ್ವಾ? ಅವನ ಕಾರಲ್ಲೇ ಬರ್ತೀನಿ," ಎಂದರು ಕ್ಷಮಾ.

ಅಭಿನವ್ ಈಶಣ್ಣನ ಮಗ. ಟ್ರೇಲರ್ ಕೊಂಡದ್ದು ಇಷ್ಟವಿಲ್ಲದ ಅವನ ಮೇಲೆಯೇ ಅವರ ಮೊದಲ ಅನುಮಾನ ಇತ್ತು.

ಸೇತುವೆಗಳ ಬಿರುಕು ಹುಡುಕುವ ಎಂಜಿನಿಯರ್ ಆಗಿ ಈಶಣ್ಣ, ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿಪಾಳಿ ಮಾಡುತ್ತ ಅವರ ಹೆಂಡತಿ ಶೈಲಮ್ಮ, ಇಬ್ಬರೂ ಮೂವತ್ತು ವರ್ಷ ಹ್ಯಾರಿಸನ್ ಎಂಬ ಊರಿನ ಸುತ್ತಮುತ್ತಲೇ ಸವೆದಿದ್ದರು. ದಾವಣಗೆರೆಯಿಂದ ಅಮೆರಿಕಕ್ಕೆ ಬಂದ ಹೊಸದರಲ್ಲೇ ಈಶಣ್ಣ ಮಾತು ಕೊಟ್ಟಿದ್ದರು: ರಿಟೈರ್ ಆಗಲಿ, ಈ ದೇಶವನ್ನು ಆ ತುದಿಯ ತನಕ ತೋರಿಸುತ್ತೇನೆ. ಆ ಮಾತಿಗೇ ಈ ಟ್ರೇಲರ್ ಕೊಂಡದ್ದು. ಇದು ಫಿಫ್ತ್ ವೀಲ್ ಜಾತಿಯದು. ಇದರ ಎತ್ತರದ ಮೂತಿ ಪಿಕಪ್ ಟ್ರಕ್ಕಿನ ಬೆನ್ನ ಮೇಲೆಯೇ ಬಂದು ಕೂರಬೇಕು. ಟ್ರಕ್ಕು ಮಾತ್ರ ಇನ್ನೂ ಕೊಂಡಿರಲಿಲ್ಲ. ನಾಳೆ, ಶನಿವಾರ, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಒಂದು, ಬೆಡ್ಡು ಅಂದರೆ ಹಿಂದಿನ ತೆರೆದ ತೊಟ್ಟಿ ಎಂಟಡಿ ಇರುವ ಉದ್ದನೆಯದು. ಎಳೆಯುವಾಗ ಗಟ್ಟಿ, ತಿರುಗುವಾಗ ಎಮ್ಮೆ. ಇನ್ನೊಂದು ಗಿಡ್ಡ ಬೆಡ್ಡಿನದು, ಇದ್ದಲ್ಲೇ ತಿರುಗುತ್ತದೆ. ಆದರೆ ಜಾರುವ ಕೊಂಡಿ ಹಾಕಿಸದಿದ್ದರೆ ತಿರುವಿನಲ್ಲಿ ಟ್ರೇಲರಿನ ಮೂತಿ ಕ್ಯಾಬಿನ್ನಿಗೆ ಗುದ್ದೀತು.

ಐದು ತಿಂಗಳಿಂದ ಗ್ರಾಫ್ ಹಾಳೆಯಲ್ಲಿ ಈಶಣ್ಣ ತಿರುವಿನ ವೃತ್ತ ಬರೆಯುತ್ತಿದ್ದರು. ಯಾಕಿಷ್ಟು ಹಟ ಎಂದು ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಿಂದ ಅವರ ಕುತ್ತಿಗೆ ಬಲಕ್ಕೆ ತಿರುಗುತ್ತಿರಲಿಲ್ಲ. ಮೂಳೆ ಸವೆದಿದೆ, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರು ಮನೆಗೆ ತಂದಿರಲಿಲ್ಲ. ತಂದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಕುತ್ತಿಗೆಯಂತೂ ತಿರುಗದು, ಟ್ರಕ್ಕಾದರೂ ತಿರುಗಲಿ ಎಂಬುದು ಪಾಪ ಅವರ ಲೆಕ್ಕಾಚಾರ.

ಕ್ಷಮಾ ಕಾರಿನಿಂದ ಇಳಿದು ಟ್ರೇಲರನ್ನು ಒಂದು ಸುತ್ತು ಹಾಕಿದರು. ಅಭಿನವ್ ಜೇಬಿನಲ್ಲಿ ಕೈಯಿಟ್ಟು ನಿಂತ.

"ಬೀಗದ ಕೀ ಎಷ್ಟು?"

"ಎರಡು," ಎಂದರು ಈಶಣ್ಣ. "ಒಂದು ನನ್ನ ಹತ್ರ. ಇನ್ನೊಂದು ಪೂಜೆ ಮಾಡಿ ದೇವರ ಮುಂದೆ ಕುಂಕುಮದ ಬಟ್ಟಲಲ್ಲೇ ಇಟ್ಟಿದೀವಿ. ಬೆಳಿಗ್ಗೆನೂ ಇತ್ತು, ನೋಡಿದೆ."

"ಬೀಗದ ಬಾಯಲ್ಲಿ ಏನೋ ಕೆಂಪಗಿದೆ."

"ತುಕ್ಕು."

ಕ್ಷಮಾ ನೆಲ ನೋಡಿದರು. ಗಟ್ಟಿ ಮಣ್ಣಿನ ಅಂಗಳ. ಟೈರುಗಳ ಗುರುತು ಆಳವಾಗಿತ್ತು. "ಮಳೆ ಬಂದದ್ದು ಬುಧವಾರ. ನೆಲ ಹಸಿ ಇರುವಾಗ ಗಾಡಿ ಓಡಾಡಿದೆ. ಅಂದರೆ ನಿನ್ನೆ, ಗುರುವಾರ. ನಿನ್ನೆ ನೀವೆಲ್ಲ ಎಲ್ಲಿದ್ರಿ?"

"ನಾನು ಮನೇಲಿ. ಶೈಲು ಅವಳ ಗೆಳತಿ ಪ್ರಭಾ ಮನೆಗೆ, ಲಲಿತಾ ಸಹಸ್ರನಾಮಕ್ಕೆ ಹೋಗಿದ್ಲು. ಪ್ರತಿ ಗುರುವಾರ ಹೋಗ್ತಾಳೆ."

"ಅಭಿನವ್?"

"ಆಫೀಸ್, ಆಂಟಿ. ಮ್ಯಾನ್‌ಹಾಟನ್. You can check," ಎಂದ ಅವನು, ಕೇಳಿದ್ದಕ್ಕಿಂತ ಜೋರಾಗಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಈಶಣ್ಣ ಮಗನ ಮುಖ ನೋಡಲು ಇಡೀ ಮೈಯನ್ನೇ ಅತ್ತ ತಿರುಗಿಸಿದರು. ಅದನ್ನು ಕ್ಷಮಾ ಗಮನಿಸಿದರು.

"ನೀನೇನಾದ್ರೂ ಮಾರೋದಕ್ಕೆ ಯಾರಿಗಾದ್ರೂ ತೋರಿಸಿದ್ಯಾ?" ಈಶಣ್ಣ ಕೇಳೇಬಿಟ್ಟರು.

ಅಭಿನವ್ ತಲೆ ತಗ್ಗಿಸಿದ. "ಫೋಟೋ ತೆಗೆದಿದ್ದೆ, ಅಪ್ಪಾ. Listing ಕೂಡ ಟೈಪ್ ಮಾಡಿದ್ದೆ. ಪೋಸ್ಟ್ ಮಾಡ್ಲಿಲ್ಲ. ನಿಮಗೆ ಎಪ್ಪತ್ತೊಂದು. I get scared, that's all. ಆದ್ರೆ ಇದನ್ನ ನಾನು ಮುಟ್ಟಿಲ್ಲ."

ಈಶಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಗ ಹೆದರಿದ್ದ, ತಾವೂ ಹೆದರಿದ್ದರು. ಇಬ್ಬರೂ ಹೇಳಿಕೊಂಡಿರಲಿಲ್ಲ, ಅಷ್ಟೆ.

"ಇದನ್ನ ಎಳೆಯುವ ಟ್ರಕ್ಕು ನಿಮ್ಮ ಪರಿಚಯದವರಲ್ಲಿ ಯಾರ ಹತ್ರ ಇದೆ?" ಕ್ಷಮಾ ಕೇಳಿದರು.

"ಶಿವಪ್ರಸಾದ್ ಹತ್ರ. ಧಾರವಾಡದವರು. ಅವರದ್ದು ಎಂಟಡಿಯದು, ನೀವೂ ಅದನ್ನೇ ತಗೊಳ್ಳಿ ಅಂತ ಪ್ರಾಣ ತಿಂತಾರೆ."

ಫೋನ್ ಸ್ಪೀಕರಿನಲ್ಲಿ ಶಿವಪ್ರಸಾದ್ ನಕ್ಕರು. "ಏನ್ರೀ ಈಶಣ್ಣ, ನನ್ನ ಮ್ಯಾಲ ಡೌಟ್ ಬಂತೇನು? ಆ ಜಾಗಾದಾಗ ನನ್ನ ಟ್ರಕ್ ತಿರುಗೂದಿಲ್ರೀ. ಮೂತಿಗೂ ಬೇಲಿಗೂ ನಡುವ ಎಷ್ಟು ಜಾಗಾ ಐತಿ? ನನ್ನ ಗಾಡಿ ಒಳಗ ಹೋದ್ರ ಅಲ್ಲೇ ಸಂಸಾರ ಮಾಡಬೇಕಾಗ್ತದ."

ಅದು ನಿಜವಿತ್ತು. ವಸಂತದಲ್ಲಿ ಟ್ರೇಲರ್ ತಂದು ನಿಲ್ಲಿಸಿದಾಗ ಮುಂದೆ ಬಯಲಿತ್ತು. ಆಮೇಲೆ ಅಂಗಳದ ಮಾಲೀಕ ಫ್ರಾಂಕ್ ಅಲ್ಲಿ ಬೇಲಿ ಹಾಕಿಸಿದ್ದ. ಆ ಇಕ್ಕಟ್ಟಿನಲ್ಲಿ ಯಾವ ಟ್ರಕ್ಕು ನುಗ್ಗಿ ಟ್ರೇಲರನ್ನು ಹೊರಗೆಳೆದೀತು? ಈಶಣ್ಣ ಇವತ್ತು ಅಳೆಯಲು ಬಂದದ್ದೇ ಅದನ್ನು.

ಟ್ರಕ್ಕು ನಿಂತಿದ್ದ ಕಡೆ ನಾಲ್ಕು ಟೈರಿನ ಗುಳಿಗಳಿದ್ದವು. ಕ್ಷಮಾ ಹೇಳಿದಂತೆ ಈಶಣ್ಣ ಮುಂದಿನ ಗುಳಿಯಿಂದ ಹಿಂದಿನದಕ್ಕೆ ಅಳೆದರು. ಹದಿಮೂರು ಅಡಿ ನಾಲ್ಕಿಂಚು.

"ಎಂಟಡಿ ಬೆಡ್ಡಿನದಾದರೆ ಹದಿನಾಲ್ಕೂವರೆ ಇರ್ಬೇಕು," ಎಂದರು ಈಶಣ್ಣ ನಿಧಾನವಾಗಿ. "ಇದು ಗಿಡ್ಡದು."

"ಹಾಗಾದ್ರೆ ಶಿವಪ್ರಸಾದ್ ಅಲ್ಲ. ಸರಿ, ಈ ಬಿಳೀ ಚುಕ್ಕಿ ಏನು?"

ಟ್ರೇಲರಿನ ಹಿಂದಿನಿಂದ ಗೇಟಿನವರೆಗೆ, ಹೆಬ್ಬೆರಳಿನಷ್ಟು ಬಿಳೀ ಚುಕ್ಕಿಗಳು ಬಾಗಿದ ಸಾಲಾಗಿ ನಡೆದುಹೋಗಿದ್ದವು. ಈಶಣ್ಣ ಬಂದಾಗಲೇ ನೋಡಿದ್ದರು. "ಫ್ರಾಂಕ್ ಪಾರ್ಕಿಂಗ್ ಗೆರೆಗೆ ಸುಣ್ಣದ ಗುರುತು ಹಾಕಿರ್ಬೇಕು."

ಗುಡಿಸಲಿನಂಥ ಆಫೀಸಿನಿಂದ ಕಾಫಿ ಲೋಟ ಹಿಡಿದು ಬಂದ ಫ್ರಾಂಕ್, ತನಗೇನೂ ಗೊತ್ತಿಲ್ಲವೆಂದ. ಗುರುವಾರ ಅವನು ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾನೆ, ಗೇಟಿನ ಕ್ಯಾಮೆರಾ ಕೆಟ್ಟು ವರ್ಷವಾಯಿತು. ಚುಕ್ಕಿ? "I figured it was him. He's the engineer," ಎಂದು ಈಶಣ್ಣನತ್ತ ಬೆರಳು ತೋರಿಸಿದ.

"ನೋಡಿ, ಇವರು ಅವನದು ಅಂತಾರೆ, ಅವನು ಇವರದು ಅಂತಾನೆ. ಹಾಗಾಗಿ ಯಾರೂ ಬಗ್ಗಿ ನೋಡಿಲ್ಲ," ಎಂದು ಕ್ಷಮಾ ಮೊಣಕಾಲೂರಿ ಕೂತರು. "ಒಂದರಿಂದ ಒಂದಕ್ಕೆ ಎಷ್ಟಿದೆ ಅಳೀರಿ."

"ಏಳೂಕಾಲು ಇಂಚು. ಇದೂ ಏಳೂಕಾಲು. ಇದೂ." ಈಶಣ್ಣನಿಗೆ ಆಶ್ಚರ್ಯವಾಯಿತು. "ಏಳೂಕಾಲು ಯಾವ ಲೆಕ್ಕ? ಯಾವ ಎಂಜಿನಿಯರೂ ಹೀಗೆ ಇಡಲ್ಲ."

ಕ್ಷಮಾ ತಮ್ಮ ಕೈಯಗಲಿಸಿ ಎರಡು ಚುಕ್ಕಿಗಳ ನಡುವೆ ಇಟ್ಟರು. ಕಿರುಬೆರಳು ಚುಕ್ಕಿಯನ್ನು ದಾಟಿತು. ಏನೋ ಯೋಚಿಸಿ ಎದ್ದು, ಟ್ರೇಲರಿನ ಬಾಗಿಲು ತೆಗೆಸಿ ಒಳಹೊಕ್ಕರು. ಕಿಟಕಿಗೆ ಇಳಕಲ್ ಸೀರೆ ಕತ್ತರಿಸಿ ಹೊಲಿದ ಪರದೆಗಳಿದ್ದವು.

"ಚೆನ್ನಾಗಿದೆ. ಯಾರು ಹೊಲಿದದ್ದು?"

"ಶೈಲು." ಈಶಣ್ಣ ನಕ್ಕರು. "ಟೇಪು ಕೊಟ್ರೆ ತಗೊಳ್ಳಲ್ಲ. ಐದು ಗೇಣು ಒಂದು ಬೆರಳು ಅಂತ ಕೈಯಲ್ಲೇ ಅಳೆದ್ಲು. ನನ್ನ ಗೇಣು ನಿಮ್ಮ ಟೇಪಿಗಿಂತ ಹಳೇದು ಅಂದ್ಲು. ಆಮೇಲೆ ಕದ್ದು ಅಳೆದು ನೋಡಿದೆ. ಮೂವತ್ತೇಳು ಇಂಚು, ಕರೆಕ್ಟಾಗಿತ್ತು. ಅವಳಿಗೆ ಹೇಳ್ಲಿಲ್ಲ."

ಕ್ಷಮಾ ಅಲ್ಲೇ ನಿಂತು ಯಾರಿಗೋ ಫೋನ್ ಮಾಡಿ ಎರಡು ಮಾತಾಡಿದರು. ಮುಗಿಸಿ, "ಅಭಿನವ್, ಅಮ್ಮನ್ನ ಕರ್ಕೊಂಡು ಬಾ," ಎಂದರು.

ಇಪ್ಪತ್ತು ನಿಮಿಷಕ್ಕೆ ಶೈಲಮ್ಮ ಬಂದರು. ಸ್ವೆಟರು, ಹತ್ತಿ ಸೀರೆ, ಕಾಲಿಗೆ ಸ್ನೀಕರ್ಸ್. ಗೇಟಿನ ಕಡೆಗಿದ್ದ ಟ್ರೇಲರಿನ ಮೂತಿಯನ್ನೂ ಗಂಡನ ಕೈಯಲ್ಲಿದ್ದ ಟೇಪನ್ನೂ ನೋಡಿದರು. "ಶನಿವಾರ ತಾನೇ ನೀವು ಬರ್ಬೇಕಾಗಿದ್ದಿದ್ದು," ಎಂದರು ಮೆಲ್ಲಗೆ.

"ಕೂತ್ಕೊಳ್ಳಿ ಶೈಲಮ್ಮ," ಎಂದು ಟ್ರೇಲರಿನ ಮೆಟ್ಟಿಲು ತೋರಿಸಿ ಕ್ಷಮಾ ಈಶಣ್ಣನ ಕಡೆ ತಿರುಗಿದರು. "ಐದು ಗೇಣು ಒಂದು ಬೆರಳು, ಮೂವತ್ತೇಳು ಇಂಚು. ಬೆರಳಿಗೆ ಮುಕ್ಕಾಲು ಇಂಚು ಕಳೀರಿ. ಉಳಿದದ್ದನ್ನ ಐದರಿಂದ ಭಾಗಿಸಿ. ಎಂಜಿನಿಯರ್ ಅಲ್ವಾ?"

ಈಶಣ್ಣನ ತುಟಿ ಅಲುಗಿತು. "ಏಳೂಕಾಲು."

"ಚುಕ್ಕಿ ಸುಣ್ಣದ್ದಲ್ಲ, ರಂಗೋಲಿಪುಡಿ. ಎರಡು ಬೆರಳಲ್ಲಿ ಹಿಡಿದು ಬಿಟ್ಟದ್ದು, ಎಲ್ಲ ಒಂದೇ ಸಮ. ರಿವರ್ಸ್ ಹೋಗುವಾಗ ಚಕ್ರ ಯಾವ ಸಾಲಿನ ಪಕ್ಕ ನಡೀಬೇಕು ಅಂತ ಗುರುತು. ಬೀಗದ ಬಾಯಲ್ಲಿರೋದು ತುಕ್ಕೂ ಅಲ್ಲ, ಏಪ್ರಿಲ್‌ನಲ್ಲಿ ಕೊಂಡ ಸ್ಟೀಲ್ ಬೀಗ. ಅದು ಕುಂಕುಮ. ದೇವರ ಮುಂದಿನ ಕೀ ಬಂದು, ತೆಗೆದು, ಹಾಕಿ, ವಾಪಸ್ ಬಟ್ಟಲಿಗೆ ಹೋಗಿದೆ. ಇನ್ನು ಸಹಸ್ರನಾಮ. ಪ್ರಭಾ ಎರಡು ತಿಂಗಳಿಂದ ಟೆಕ್ಸಾಸಿನಲ್ಲಿ ಮಗಳ ಮನೇಲಿದ್ದಾರೆ, ಈಗ ತಾನೇ ಮಾತಾಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಟ್ರೇಲರ್ ತಿರುಗಿಸಿದ್ದು ನಿಮ್ಮ ಹೆಂಡತಿ."

"Amma?" ಎಂದ ಅಭಿನವ್.

ಶೈಲಮ್ಮ ಸೆರಗಿನ ತುದಿ ಸುತ್ತಿಕೊಂಡರು. "ಲೈಬ್ರರಿಯ ಬೋರ್ಡಲ್ಲಿ ಒಂದು ಚೀಟಿ ಇತ್ತು. ಡಾನಾ ಅಂತ, ನನ್ನ ವಯಸ್ಸಿನೋಳು. ಟ್ರೇಲರ್ ಎಳೆಯೋದು ಕಲಿಸ್ತಾಳೆ, ಟ್ರಕ್ಕೂ ಅವಳದ್ದೇ. ಎಂಟು ಗುರುವಾರ ಕಲಿತೆ. ಮೊದಲು ಅವಳ ಹಳೇ ಟ್ರೇಲರಲ್ಲಿ. ನಿನ್ನೆ ಮೊದಲ ಸಲ ನಮ್ಮದು. ಬೇಲಿ ಕಡೆಯಿಂದ ಹೊರಗೆ ತೆಗೆದು, ತಿರುಗಿಸಿ, ರಿವರ್ಸಲ್ಲಿ ತಂದು ನಿಲ್ಲಿಸಿದೆ. ನಾಳೆ ಹೊಸ ಟ್ರಕ್ ಬಂದ್ರೆ ಸೀದಾ ಹೊರಡಬಹುದು ಅಂತ. ಪ್ರಭಾ ಹೆಸರಲ್ಲಿ ಸುಳ್ಳು ಹೇಳಿದ್ದು ತಪ್ಪು. ಆದರೆ ಸಹಸ್ರನಾಮ ಹೇಳಿದ್ದು ನಿಜ. ರಿವರ್ಸ್ ಹಾಕಿದಾಗೆಲ್ಲ ಹೇಳಿದೀನಿ."

"ಯಾಕೆ, ಶೈಲು?"

"ಮೇ ತಿಂಗಳಲ್ಲಿ ಹೈವೇಲಿ ಲೇನ್ ಚೇಂಜ್ ಮಾಡುವಾಗ ನೀವು ಬಲಕ್ಕೆ ನೋಡ್ಲಿಲ್ಲ. ನಾನು ನೋಡಿದೆ. ಆಮೇಲೆ ದಿನಾ ನೋಡಿದೆ. ಹಾಲಿನ ಡಬ್ಬ ಎತ್ತೋದಕ್ಕೂ ಇಡೀ ಮೈ ತಿರುಗಿಸ್ತೀರಿ."

"ನನಗೆ ಹೇಳಬಹುದಿತ್ತಲ್ಲ."

"ನೀವು ನನಗೆ ಹೇಳಬಹುದಿತ್ತಲ್ಲ."

ಫ್ರಾಂಕ್‌ಗೆ ಕನ್ನಡ ಬಾರದಿದ್ದರೂ ಏನೋ ತಿಳಿದು ಕಾಫಿ ಲೋಟದೊಂದಿಗೆ ಒಳಗೆ ಹೋದ.

"ಹೇಳಿದ್ರೆ ನೀವು ಹೋಗೋದೇ ಬೇಡ ಅಂತಿದ್ರಿ," ಎಂದರು ಶೈಲಮ್ಮ. "ನನಗೆ ಹೋಗ್ಬೇಕು. ನೀವು ಮಾತು ಕೊಟ್ಟಿದೀರಿ ಅಂತಲ್ಲ. ಮೂವತ್ತು ವರ್ಷ ನಾನು ರಾತ್ರಿ, ನೀವು ಹಗಲು. ಒಂದೇ ಕಿಟಕಿಯಲ್ಲಿ ಇಬ್ರೂ ಬೆಳಕು ಹರಿಯೋದು ನೋಡಿದ್ದು ಯಾವಾಗ?"

ಈಶಣ್ಣನ ಕಣ್ಣು ತುಂಬಿತು. ಎಷ್ಟೋ ಸೇತುವೆಗಳಲ್ಲಿ ಕೂದಲೆಳೆಯಂಥ ಬಿರುಕು ಕಂಡುಹಿಡಿದ ಮನುಷ್ಯನಿಗೆ ಪಕ್ಕದ ಸೀಟಿನಲ್ಲಿ ಕೂತವಳು ಏನೇನು ಕಂಡಿದ್ದಾಳೆ ಎಂಬುದು ಕಂಡಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೊತ್ತ ಮೂಟೆ ಇಳಿಸಿದಂತೆ ಹಗುರವಾಯಿತು.

"ಅಪ್ಪಾ, ಅಮ್ಮ ಡ್ರೈವ್ ಮಾಡಿದ್ರೆ I'm okay," ಎಂದ ಅಭಿನವ್ ಮೂಗೊರೆಸಿಕೊಳ್ಳುತ್ತ. "Honestly, more than okay."

"ಹಾಗಾದ್ರೆ ಗಿಡ್ಡದೇ ತಗೋಳೋದು. ಜಾರುವ ಕೊಂಡಿ ಹಾಕಿಸಿ," ಎಂದರು ಈಶಣ್ಣ. "ಹತ್ತೋದಕ್ಕೆ ಒಂದು ಮೆಟ್ಟಿಲೂ ಬೇಕು. ಸೀರೆ ಉಟ್ಕೊಂಡು ಹೇಗೆ ಹತ್ತಿದ್ಯೋ."

"ಚೂಡಿದಾರ ಹಾಕ್ಕೊಂಡಿದ್ದೆ. ಬ್ಯಾಗಲ್ಲಿರುತ್ತೆ."

ಹೊರಡುವ ಮುಂಚೆ ಈಶಣ್ಣ ನೋಡಿದರು. ತಮ್ಮೆಲ್ಲರ ಓಡಾಟದಲ್ಲಿ ಮೂರು ಚುಕ್ಕಿ ಅಳಿಸಿಹೋಗಿದ್ದವು. ಶೈಲಮ್ಮನ ಚೀಲದಿಂದ ರಂಗೋಲಿಪುಡಿಯ ಪೊಟ್ಟಣ ತೆಗೆಸಿಕೊಂಡು, ಕಷ್ಟಪಟ್ಟು ನೆಲಕ್ಕೆ ಕೂತು, ತಮ್ಮ ದೊಡ್ಡ ಕೈಯಗಲಿಸಿ ಒಂದು ಚುಕ್ಕಿ ಇಟ್ಟರು.

"ಅದು ನಿಮ್ಮ ಗೇಣು," ಎಂದರು ಶೈಲಮ್ಮ. "ಸಾಲು ಕೆಡುತ್ತೆ."

ಈಶಣ್ಣ ಆ ಚುಕ್ಕಿ ಒರೆಸಿದರು. ಹೆಂಡತಿಯ ಕೈ ಹಿಡಿದು ಮಣ್ಣಿನ ಮೇಲೆ ಅಗಲವಾಗಿ ಇಡಿಸಿ, ಅವಳ ಕಿರುಬೆರಳು ಮುಟ್ಟಿದ ಕಡೆ ಹೊಸ ಚುಕ್ಕಿ ಇಟ್ಟರು.